ಹ್ಯಾಲೋವೀನ್‌ಗೆ ಹೆದರುವವರು ಸಮಾಧಿಗೂ ಬರಲಿ



ಹೋದ ಭಾನುವಾರ ಬಲಿಪೂಜೆ ಮುಗಿದ ಮೇಲೆ ನಮ್ಮ ಯುವಜನರ ಸಭೆಯಲ್ಲಿ ಆದ ಜಗಳ ಈಗ ಅರ್ಧ ಸಿರುಮುಗೈಗೆ ಗೊತ್ತಾಗಿದೆ. ಹಾಗಾಗಿ ಮುಚ್ಚಿಡುವುದಕ್ಕೆ ಏನೂ ಉಳಿದಿಲ್ಲ. ಈ ಅಕ್ಟೋಬರ್ 31ರ ಸಂಜೆ ಸಭಾಂಗಣದಲ್ಲಿ ಮಕ್ಕಳಿಗೆ ಹ್ಯಾಲೋವೀನ್ ಪಾರ್ಟಿ ಮಾಡೋಣ ಅಂತ ನಮ್ಮ ಗುಂಪಿನ ಕೆಲವರು ಹೇಳಿದರು. ಕೊಯಮತ್ತೂರಿನ ಮಾಲ್‌ಗಳಲ್ಲಿ, ಕಾಲೇಜುಗಳಲ್ಲಿ ನೋಡಿ ಬಂದವರಿಗೆ ಅದೊಂದು ಆಸೆ. ಅಷ್ಟರಲ್ಲಿ ಒಬ್ಬ ಹಿರಿಯರು ಎದ್ದು, ಮೊಬೈಲ್ ತೆಗೆದು, ಒಂದು ವಾಟ್ಸಾಪ್ ಸಂದೇಶವನ್ನು ಗಟ್ಟಿಯಾಗಿ ಓದಿದರು. ಹ್ಯಾಲೋವೀನ್ ಸೈತಾನನ ಹುಟ್ಟುಹಬ್ಬವಂತೆ. ಅವತ್ತು ವೇಷ ಹಾಕಿದ ಮಗುವಿನೊಳಗೆ ದೆವ್ವ ಸೇರಿಕೊಳ್ಳುತ್ತದಂತೆ. ಕೊರಿಯಾದಲ್ಲಿ ಹ್ಯಾಲೋವೀನ್ ಆಡಲು ಹೋದವರನ್ನು ದೇವರು ಒಂದೇ ರಾತ್ರಿಯಲ್ಲಿ ಶಿಕ್ಷಿಸಿದನಂತೆ. ಹತ್ತು ಜನಕ್ಕೆ ಕಳಿಸಿ ಅಂತ ಕೊನೆಯಲ್ಲಿ ಇತ್ತು. ಒಂಬತ್ತು ವರ್ಷದ ಒಬ್ಬ ಹುಡುಗಿ ಅಮ್ಮನ ಸೆರಗು ಹಿಡಿದು ಅಳಲು ಶುರು ಮಾಡಿದಳು. ಹೋದ ತಿಂಗಳು ಶಾಲೆಯ ಫ್ಯಾನ್ಸಿ ಡ್ರೆಸ್‌ನಲ್ಲಿ ಅವಳು ಮಾಟಗಾತಿ ಆಗಿದ್ದಳು.

"ನೀನು ಫಾರಿನ್‌ನಲ್ಲಿ ಇದ್ದು ಬಂದಿದ್ದೀಯ, ನೀನೇ ಹೇಳು" ಅಂತ ಎರಡೂ ಕಡೆಯವರು ನನ್ನ ಕಡೆ ತಿರುಗಿದರು. ಅವತ್ತು ನನಗೆ ಸರಿಯಾಗಿ ಮಾತೇ ಹೊರಡಲಿಲ್ಲ. ಈಗ ಬರೆಯುತ್ತಿದ್ದೇನೆ. ಎರಡೂ ಕಡೆಯವರಿಗೆ ಇದು ಇಷ್ಟ ಆಗುವುದಿಲ್ಲ ಅಂತ ಗೊತ್ತು. ಆದರೂ ಕೊನೆಯವರೆಗೆ ಓದಿ, ಆಮೇಲೆ ಬೈಯಿರಿ.

ಬಿ.ಎಸ್ಸಿ. ಮುಗಿಸಿ ನಾನು 2024ರ ಮಾರ್ಚ್‌ನಲ್ಲಿ ಐರ್ಲೆಂಡ್‌ಗೆ ಹೋದೆ. ಮೀತ್ ಕೌಂಟಿಯ ಒಂದು ಸಣ್ಣ ಊರಿನ ವೃದ್ಧಾಶ್ರಮದಲ್ಲಿ ಆರೈಕೆ ಕೆಲಸ. ವಯಸ್ಸಾದವರಿಗೆ ಸ್ನಾನ ಮಾಡಿಸುವುದು, ತಿನ್ನಿಸುವುದು, ರಾತ್ರಿ ಪಾಳಿಯಲ್ಲಿ ಪಕ್ಕ ಕೂರುವುದು. ಅದೇ ವರ್ಷ ಆಗಸ್ಟ್‌ನಲ್ಲಿ ನಮ್ಮ ತಾತ ತೀರಿಕೊಂಡರು. ರಜೆ ಸಿಗಲಿಲ್ಲ, ಟಿಕೆಟ್‌ಗೆ ದುಡ್ಡೂ ಇರಲಿಲ್ಲ. ಅಂತ್ಯಕ್ರಿಯೆಯನ್ನು ಮೊಬೈಲ್‌ನಲ್ಲಿ ನೋಡಿದೆ. ಮಣ್ಣು ಹಾಕುವ ಹೊತ್ತಿಗೆ ಸರಿಯಾಗಿ ನೆಟ್‌ವರ್ಕ್ ಹೋಯಿತು.

ಅಕ್ಟೋಬರ್ ಬಂದಾಗ ಆ ಊರು ನನ್ನ ಕಣ್ಣಿಗೆ ಹುಚ್ಚು ಹಿಡಿದಂತೆ ಕಂಡಿತು. ಬೇಲಿಗಳ ಮೇಲೆ ಪ್ಲಾಸ್ಟಿಕ್ ಅಸ್ಥಿಪಂಜರ, ಕಿಟಕಿಯಲ್ಲಿ ಜೇಡರಬಲೆ. ಒಂದು ಮನೆಯ ಮುಂದಿನ ಹುಲ್ಲಿನ ಮೇಲೆ ಥರ್ಮೋಕೋಲ್‌ನ ಸಮಾಧಿಕಲ್ಲುಗಳನ್ನು ಸಾಲಾಗಿ ನೆಟ್ಟಿದ್ದರು. ನಮ್ಮ ಬೀದಿಯಲ್ಲಿ ಯಾರಾದರೂ ಹಾಗೆ ಮಾಡಿದರೆ ಅವ್ವ ಸೀಮೆಎಣ್ಣೆ ಸುರಿದು ಬೆಂಕಿ ಹಚ್ಚುತ್ತಾಳೆ. ನನಗೂ ಹೊಟ್ಟೆಯಲ್ಲಿ ತಳಮಳ. ಉಪದೇಶದ ತರಗತಿಯಲ್ಲಿ ಕೇಳಿದ್ದೆಲ್ಲ ನೆನಪಾಗಿ, ಜಪಸರವನ್ನು ಜೇಬಿನಲ್ಲಿ ಇಟ್ಟುಕೊಂಡೇ ಕೆಲಸಕ್ಕೆ ಹೋಗುತ್ತಿದ್ದೆ. ಇದನ್ನು ಯಾಕೆ ಹೇಳುತ್ತೇನೆ ಅಂದರೆ, ಆ ಹಿರಿಯರ ಭಯ ನನಗೆ ಗೊತ್ತಿಲ್ಲದ್ದೇನಲ್ಲ.

ಆಮೇಲೆ ಒಂದು ದಿನ ಯೋಚನೆ ಬಂತು. ಕೊಯಮತ್ತೂರಿನಿಂದ ಮೇಟ್ಟುಪಾಳಯಂವರೆಗೆ ಹೊಸ ಕಟ್ಟಡಗಳ ಮುಂದೆ ಬೂದುಗುಂಬಳಕಾಯಿ ಕಟ್ಟಿರುತ್ತಾರಲ್ಲ, ಅದರ ಮೇಲೆ ಕೋರೆಹಲ್ಲು, ಹೊರಚಾಚಿದ ನಾಲಿಗೆ, ದೊಡ್ಡ ಕಣ್ಣು ಬರೆದಿರುತ್ತಾರಲ್ಲ, ಅದೇನು? ದೃಷ್ಟಿಬೊಂಬೆ. ನಮ್ಮವರು ಕಟ್ಟಿಸಿದ ಮನೆಗಳ ಮುಂದೆಯೂ ನೋಡಿದ್ದೇನೆ, ಒಳಗೆ ಗೃಹಪ್ರವೇಶದ ಜಪ ನಡೆಯುತ್ತಿರುವಾಗಲೇ. ಅದರ ಬಗ್ಗೆ ಯಾರೂ ಹತ್ತು ಜನಕ್ಕೆ ಸಂದೇಶ ಕಳಿಸಿದ್ದು ನನಗೆ ಗೊತ್ತಿಲ್ಲ. ಅಂದರೆ ನಮಗೆ ತೊಂದರೆ ಇರುವುದು ಮುಖ ಬರೆದ ಕುಂಬಳಕಾಯಿಯಿಂದಲ್ಲ, ಬೇರೆಯವರ ಊರಿನ ಕುಂಬಳಕಾಯಿಯಿಂದ.

2024ರಲ್ಲಿ ನಮ್ಮ ದೀಪಾವಳಿಯೂ ಅಕ್ಟೋಬರ್ 31ಕ್ಕೇ ಬಿದ್ದಿತ್ತು, ನೆನಪಿದೆಯಾ? ಅವತ್ತು ಅಲ್ಲಿ ಐದು ಗಂಟೆಗೇ ಕತ್ತಲು. ದೂರದಲ್ಲಿ ಪಟಾಕಿ ಸಿಡಿಯುತ್ತಿತ್ತು. ಐರ್ಲೆಂಡ್‌ನಲ್ಲಿ ಪರವಾನಗಿ ಇಲ್ಲದೆ ಪಟಾಕಿ ಹೊಡೆಯುವುದು ಅಪರಾಧ, ಆದರೂ ಹ್ಯಾಲೋವೀನ್ ರಾತ್ರಿ ಹೊಡೆಯುತ್ತಾರೆ. ಆ ವಿಷಯದಲ್ಲಿ ನಮ್ಮವರೇ. ಬಯಲಿನಲ್ಲಿ ದೊಡ್ಡ ಬೆಂಕಿ. ಕಣ್ಣು ಮುಚ್ಚಿಕೊಂಡರೆ ಸಿರುಮುಗೈ ಬಸ್ ನಿಲ್ದಾಣದ ಪಕ್ಕ ನಿಂತ ಹಾಗೇ ಇತ್ತು, ಚಳಿ ಒಂದು ಬಿಟ್ಟರೆ.

ಆರು ಗಂಟೆಗೆ ಊರಿನ ಮಕ್ಕಳು ವೃದ್ಧಾಶ್ರಮಕ್ಕೆ ಬಂದರು. ಅಜ್ಜ ಅಜ್ಜಿಯರನ್ನು ಗಾಲಿಕುರ್ಚಿಯಲ್ಲಿ ಸಾಲಾಗಿ ಕೂರಿಸಿ, ಒಬ್ಬೊಬ್ಬರ ಮಡಿಲಲ್ಲಿ ಒಂದು ಬಟ್ಟಲು ಮಿಠಾಯಿ ಇಟ್ಟಿದ್ದೆವು. ಬಿಳಿ ಹಾಸಿಗೆಬಟ್ಟೆಗೆ ಎರಡು ತೂತು ಮಾಡಿಕೊಂಡು ಬಂದಿದ್ದ ಆರು ವರ್ಷದ ಒಬ್ಬ ದೆವ್ವ ಎಡವಿ ಬಿದ್ದು, ಮೂರು ತಿಂಗಳಿನಿಂದ ಬಾಯಿ ಬಿಡದಿದ್ದ ಒಬ್ಬ ಅಜ್ಜ ಜೋರಾಗಿ ನಕ್ಕ. ಆಮೇಲೆ ‘ಬಾರ್ಮ್‌ಬ್ರಾಕ್’ ಅಂತ ಒಣದ್ರಾಕ್ಷಿಯ ಬ್ರೆಡ್ ಕೊಯ್ದರು. ಹಿಂದೆ ಅದರೊಳಗೆ ಉಂಗುರ, ನಾಣ್ಯ, ಬಟ್ಟೆಚೂರು, ಬಟಾಣಿ ಹಾಕುತ್ತಿದ್ದರಂತೆ. ಉಂಗುರ ಸಿಕ್ಕವರಿಗೆ ಮದುವೆ, ಬಟ್ಟೆ ಸಿಕ್ಕವರಿಗೆ ಬಡತನ. ಈಗ ಅಂಗಡಿಯದ್ದರಲ್ಲಿ ಉಂಗುರ ಮಾತ್ರ ಇರುತ್ತದೆ. ಅದು ನನ್ನ ತುಂಡಿನಲ್ಲೇ ಸಿಕ್ಕಿತು. ಫೋನಿನಲ್ಲಿ ಹೇಳಿದ್ದೇ ತಪ್ಪಾಯಿತು. ಅವ್ವ ಇವತ್ತಿಗೂ ಅದನ್ನು ಹಿಡಿದುಕೊಂಡಿದ್ದಾಳೆ.

ಆ ಗಲಾಟೆಯಲ್ಲಿ ಒಬ್ಬ ಅಜ್ಜಿ ಮಾತ್ರ ಬಟ್ಟಲು ಬೇಡ ಅಂದರು. ತೊಂಬತ್ತು ದಾಟಿದವರು. ಕಿಟಕಿ ಹತ್ತಿರ ಕರೆದುಕೊಂಡು ಹೋಗು, ಒಂದು ಮೇಣದಬತ್ತಿ ಹಚ್ಚು ಅಂದರು. ವೃದ್ಧಾಶ್ರಮದಲ್ಲಿ ಬೆಂಕಿ ಹಚ್ಚುವಂತಿಲ್ಲ, ಬ್ಯಾಟರಿಯ ಬತ್ತಿ ಇಟ್ಟೆ. ಯಾರಿಗೆ ಅಂತ ಕೇಳಿದೆ. ತಮ್ಮನಿಗೆ ಅಂದರು. ಹೆಸರು ಕೇಳಿದೆ. ಹೆಸರು ಇಡಲಿಲ್ಲ ಅಂದರು.

ಜ್ಞಾನಸ್ನಾನ ಆಗುವ ಮುಂಚೆ ಸತ್ತ ಕೂಸು ಅದು. ಆ ಕಾಲದಲ್ಲಿ ಐರ್ಲೆಂಡ್‌ನಲ್ಲಿ ಅಂಥ ಕೂಸುಗಳನ್ನು ಚರ್ಚಿನ ಸಮಾಧಿಯೊಳಗೆ ಹೂಳಲು ಬಿಡುತ್ತಿರಲಿಲ್ಲ. ಹೊಲದ ಅಂಚಿನಲ್ಲಿ, ಪಾಳುಬಿದ್ದ ಹಳೆಯ ಗುಡಿಯ ಪಕ್ಕದಲ್ಲಿ, ಕಡಲ ದಂಡೆಯಲ್ಲಿ ಬೇರೆ ಜಾಗ ಇರುತ್ತಿತ್ತು. ಅದಕ್ಕೆ ‘ಕಿಲ್ಲೀನ್’ ಅನ್ನುತ್ತಾರೆ. ದೇಶದ ತುಂಬ ನೂರಾರು ಇವೆ. ಬಹುಪಾಲು ರಾತ್ರಿ ಹೊತ್ತು ಅಪ್ಪನೋ ಚಿಕ್ಕಪ್ಪನೋ ಒಬ್ಬನೇ ಹೋಗಿ ಹೂತು ಬರುವುದು, ಮೇಲೆ ಹೆಸರಿಲ್ಲದ ಒಂದು ಕಲ್ಲು. ಅಮ್ಮನನ್ನು ಕರೆದುಕೊಂಡು ಹೋಗುವ ಮಾತೇ ಇಲ್ಲ. ಈ ಅಜ್ಜಿ ಆಗ ಐದು ವರ್ಷದ ಹುಡುಗಿ. ಅಪ್ಪ ಒಂದು ಪೆಟ್ಟಿಗೆ ಹೊತ್ತು ಲಾಂದ್ರ ಹಿಡಿದು ಹೊರಟಿದ್ದನ್ನು ಕಿಟಕಿಯಿಂದ ನೋಡಿದ್ದರಂತೆ. "ಈ ಮಕ್ಕಳು ದೆವ್ವದ ವೇಷದಲ್ಲಿ ಬಾಗಿಲು ತಟ್ಟುತ್ತಾರಲ್ಲ, ಪ್ರತಿ ವರ್ಷವೂ ನನಗೆ ಇವರಲ್ಲಿ ಒಬ್ಬ ಅವನೇ ಅನ್ನಿಸುತ್ತದೆ. ಅವನಿಗೆ ಒಳಗೆ ಬರಲು ಸಿಕ್ಕಿದ್ದು ಇದೊಂದೇ ರಾತ್ರಿ" ಅಂದರು.

ನಾನು ಜೇಬಿನಲ್ಲಿ ಜಪಸರ ಹಿಡಿದುಕೊಂಡು, ಸೈತಾನ ಯಾವ ಕಡೆಯಿಂದ ಬರುತ್ತಾನೆ ಅಂತ ಕಾಯುತ್ತಿದ್ದವನ ಹಾಗೆ ನಿಂತಿದ್ದೆ. ಬಂದದ್ದು ಹೆಸರಿಲ್ಲದ ಒಂದು ಕೂಸಿನ ನೆನಪು.

ಮರುದಿನ ಸಕಲ ಸಂತರ ಹಬ್ಬದ ಪೂಜೆಗೆ ಹೋದಾಗ ಬಾಗಿಲಲ್ಲಿ ಒಂದು ಲಕೋಟೆ ಕೊಟ್ಟರು. ನವೆಂಬರ್ ತಿಂಗಳಿಡೀ ಮೃತರಿಗಾಗಿ ಪ್ರಾರ್ಥಿಸುವುದು ಅಲ್ಲಿನ ಪದ್ಧತಿ. ನಿಮ್ಮ ಮನೆಯಲ್ಲಿ ತೀರಿಕೊಂಡವರ ಹೆಸರು ಬರೆದು ಕೊಟ್ಟರೆ ಆ ಪಟ್ಟಿ ತಿಂಗಳಿಡೀ ಪೀಠದ ಮೇಲೆ ಇರುತ್ತದೆ. ಆ ಅಜ್ಜಿ ಹೇಳಿ ಕಳಿಸಿದ್ದರು, ಅವರ ಪರವಾಗಿ ‘ಮಗು’ ಅಂತ ಬರೆದೆ. ಕೆಳಗೆ ತಾತನ ಹೆಸರನ್ನು ಕನ್ನಡದಲ್ಲಿ ಬರೆದೆ. ತಾತ ಹುಟ್ಟಿದಾಗ ಕೊಳ್ಳೇಗಾಲ ತಾಲ್ಲೂಕು ನಮ್ಮ ಕೊಯಮತ್ತೂರು ಜಿಲ್ಲೆಯಲ್ಲೇ ಇತ್ತು. 1956ರ ನವೆಂಬರ್ 1ಕ್ಕೆ ಮೈಸೂರು ರಾಜ್ಯಕ್ಕೆ ಸೇರಿತು. ಹತ್ತು ವರ್ಷ ಕಳೆದು ತಾತ ಗಿರಣಿ ಕೆಲಸ ಹುಡುಕಿಕೊಂಡು ಗಡಿ ದಾಟಿ ಇಲ್ಲಿಗೆ ಬಂದರು, ಸಾಯುವವರೆಗೆ ತಮಿಳು ಮಾತಾಡಿದರು, ಆದರೆ ಓದಲು ಬರುತ್ತಿದ್ದದ್ದು ಕನ್ನಡ ಒಂದೇ. ಐರಿಷ್ ಗುರುಗಳು ಆ ಚೀಟಿ ನೋಡಿ ಇದೇನು ಲಿಪಿ ಅಂತ ಕೇಳಿದರು. ಹೇಳಿದೆ. "ನನಗೆ ಓದಲು ಬರುವುದಿಲ್ಲ, ಓದಬೇಕಾದವನಿಗೆ ಬರುತ್ತದೆ" ಅಂತ ಪೀಠದ ಮೇಲೆ ಇಟ್ಟರು. ತಾತನಿಗಾಗಿ ನಾನು ಅತ್ತದ್ದು ಅವತ್ತೇ ಮೊದಲು.

ಈಗ ಆ ವಾಟ್ಸಾಪ್ ಸಂದೇಶಕ್ಕೆ ಬರುತ್ತೇನೆ.

ಹ್ಯಾಲೋ ಅಂದರೆ ಹಳೆಯ ಇಂಗ್ಲಿಷ್‌ನಲ್ಲಿ ಸಂತ, ಪವಿತ್ರ. ಇಂಗ್ಲಿಷ್‌ನಲ್ಲಿ ಕಲಿತ ಕರ್ತರ ಪ್ರಾರ್ಥನೆಯ ಆರಂಭದಲ್ಲೇ ಆ ಪದ ಇದೆ, ದಿನಾ ಹೇಳುತ್ತೀರಿ. ಈನ್ ಅಂದರೆ ಈವ್, ಹಿಂದಿನ ಸಂಜೆ, ಕ್ರಿಸ್ಮಸ್ ಈವ್ ಅನ್ನುವ ಹಾಗೆ. ಸಕಲ ಸಂತರ ಹಬ್ಬದ ಹಿಂದಿನ ಸಂಜೆ, ಅಷ್ಟೇ. ರೋಮಿನ ಪ್ಯಾಂಥಿಯನ್ ಅನ್ನುವ ಹಳೆಯ ದೇವಾಲಯವನ್ನು ಜಗದ್ಗುರು ನಾಲ್ಕನೇ ಬೋನಿಫಾಸ್ 609ರ ಮೇ 13ರಂದು ಮಾತೆ ಮರಿಯಳಿಗೂ ಎಲ್ಲ ರಕ್ತಸಾಕ್ಷಿಗಳಿಗೂ ಅರ್ಪಿಸಿದರು. ಎಂಟನೇ ಶತಮಾನದಲ್ಲಿ ಮೂರನೇ ಗ್ರೆಗೊರಿ ಸಂತ ಪೇತ್ರರ ದೇವಾಲಯದಲ್ಲಿ ಸಕಲ ಸಂತರಿಗೆ ಒಂದು ಪ್ರಾರ್ಥನಾಲಯ ಮಾಡಿದರು. ಒಂಬತ್ತನೇ ಶತಮಾನದಲ್ಲಿ ನಾಲ್ಕನೇ ಗ್ರೆಗೊರಿಯ ಕಾಲಕ್ಕೆ ನವೆಂಬರ್ 1 ದೊಡ್ಡ ಹಬ್ಬವಾಗಿ ಹರಡಿತು. ಅದರ ಮರುದಿನ, ನವೆಂಬರ್ 2ರಂದು ಎಲ್ಲ ಮೃತರಿಗಾಗಿ ಪ್ರಾರ್ಥಿಸಬೇಕು ಅಂತ ಫ್ರಾನ್ಸಿನ ಕ್ಲೂನಿ ಮಠದ ಸಂತ ಓಡಿಲೋ 998ರ ಸುಮಾರಿಗೆ ನಿಯಮ ಮಾಡಿದರು. ಮೊದಲ ಮಹಾಯುದ್ಧದಲ್ಲಿ ಲಕ್ಷಗಟ್ಟಲೆ ಹುಡುಗರು ಸಾಯುತ್ತಿದ್ದಾಗ, 1915ರಲ್ಲಿ, ಹದಿನೈದನೇ ಬೆನೆಡಿಕ್ಟರು ಆ ಒಂದು ದಿನ ಪ್ರತಿ ಗುರುವೂ ಮೂರು ಬಲಿಪೂಜೆ ಅರ್ಪಿಸಬಹುದು ಅಂದರು. ಇದರಲ್ಲಿ ಸೈತಾನನ ಹುಟ್ಟುಹಬ್ಬ ಎಲ್ಲಿ ಬಂತು? ಅವನಿಗೆ ಜನ್ಮದಿನದ ದಾಖಲೆ ಬರೆದುಕೊಟ್ಟವರು ಯಾರು?

ಪೂರ್ತಿ ಹೇಳಬೇಕಲ್ಲ, ಕ್ರೈಸ್ತಧರ್ಮ ಬರುವ ಮುಂಚೆ ಐರ್ಲೆಂಡ್‌ನಲ್ಲಿ ಸೌವಿನ್ ಅನ್ನುವ ಹಬ್ಬ ಅದೇ ಹೊತ್ತಿಗೆ ಇತ್ತು. ಸುಗ್ಗಿ ಮುಗಿದು ಚಳಿಗಾಲ ಶುರುವಾಗುವ ರಾತ್ರಿ, ಸತ್ತವರ ಲೋಕಕ್ಕೂ ಇದ್ದವರ ಲೋಕಕ್ಕೂ ನಡುವಿನ ಬಾಗಿಲು ತೆರೆಯುತ್ತದೆ ಅನ್ನುವ ನಂಬಿಕೆ. ನಮ್ಮ ಊರಿನಿಂದ ಸ್ವಲ್ಪ ದೂರದಲ್ಲೇ, ಅಥ್‌ಬಾಯ್ ಪಕ್ಕದ ಗುಡ್ಡದ ಮೇಲೆ ಆ ಬೆಂಕಿ ಹಚ್ಚುತ್ತಿದ್ದರು ಅಂತ ಹೇಳುತ್ತಾರೆ. ಇರಲಿ. ಜನರ ಮನಸ್ಸಿನಲ್ಲಿ ಸತ್ತವರ ಬಗ್ಗೆ ಇದ್ದ ಭಯವನ್ನು ಧರ್ಮಸಭೆ ಬಡಿದು ಓಡಿಸಲಿಲ್ಲ, ಅದಕ್ಕೆ ಪ್ರಾರ್ಥನೆ ಕಲಿಸಿತು. ಹಳೆಯ ಐರಿಷ್ ಮನೆಗಳಲ್ಲಿ ನವೆಂಬರ್ 2ರ ರಾತ್ರಿ ಬಾಗಿಲಿಗೆ ಚಿಲಕ ಹಾಕುತ್ತಿರಲಿಲ್ಲ, ಒಲೆ ಆರಿಸುತ್ತಿರಲಿಲ್ಲ, ಮನೆಯಲ್ಲಿ ಸತ್ತ ಒಬ್ಬೊಬ್ಬರ ಹೆಸರಿಗೆ ಒಂದೊಂದು ಬತ್ತಿ. ಇಂಗ್ಲೆಂಡ್‌ನಲ್ಲಿ ಮಕ್ಕಳೂ ಬಡವರೂ ಮನೆಮನೆಗೆ ಹೋಗಿ, ನಿಮ್ಮ ಸತ್ತವರಿಗಾಗಿ ಜಪ ಮಾಡುತ್ತೇವೆ ಅಂತ ‘ಆತ್ಮದ ರೊಟ್ಟಿ’ ಇಸಿದುಕೊಳ್ಳುತ್ತಿದ್ದರು. ಈಗ ಮಕ್ಕಳು ಚಾಕೊಲೇಟ್ ಇಸಿದುಕೊಳ್ಳುತ್ತಾರೆ, ಜಪ ಬಿದ್ದುಹೋಗಿದೆ. ಇನ್ನು ಆ ಕುಂಬಳಕಾಯಿ, ಅದು ಕೂಡ ಕುಂಬಳಕಾಯಿ ಆಗಿರಲಿಲ್ಲ. ಊಟಿಯಿಂದ ನಮ್ಮ ಮೇಟ್ಟುಪಾಳಯಂ ಮಂಡಿಗೆ ಬರುತ್ತದಲ್ಲ ಟರ್ನಿಪ್, ಆ ಗೆಡ್ಡೆಯನ್ನು ಕೊರೆದು ದೀಪ ಇಡುತ್ತಿದ್ದರು. ಡೊನೆಗಾಲ್ ಕಡೆಯ ಅಂಥ ಒಂದು ದೀಪದ ಅಚ್ಚು ಮೇಯೊ ಕೌಂಟಿಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಈಗಿನ ಕುಂಬಳಕಾಯಿಗಿಂತ ಅದರ ಮುಖ ನೂರು ಪಾಲು ಭಯಂಕರ. 1845ರಿಂದ ಆಲೂಗಡ್ಡೆ ಬೆಳೆ ಕೊಳೆತು ಬರಗಾಲ ಬಂದಾಗ ಲಕ್ಷಾಂತರ ಐರಿಷ್ ಜನ ಹೊಟ್ಟೆಪಾಡಿಗೆ ಹಡಗು ಹತ್ತಿ ಅಮೆರಿಕಕ್ಕೆ ಹೋದರು. ಅಲ್ಲಿ ಕುಂಬಳಕಾಯಿ ಸುಲಭವಾಗಿ ಸಿಗುತ್ತಿತ್ತು. ವಲಸೆ ಹೋದ ಬಡವರ ಹಬ್ಬ ಇದು. ಕೊಳ್ಳೇಗಾಲದಿಂದ ವಲಸೆ ಬಂದವರ ಮೊಮ್ಮಕ್ಕಳು ಅದನ್ನು ನೋಡಿ ಸೈತಾನ ಅನ್ನುವುದು ನನಗೆ ಸರಿ ಕಾಣುವುದಿಲ್ಲ.

ಕೊರಿಯಾದ ಮಾತಿಗೆ ನನಗೆ ನಿಜವಾಗಿ ಸಿಟ್ಟು ಬಂತು. 2022ರ ಅಕ್ಟೋಬರ್ 29ರ ರಾತ್ರಿ ಸೋಲ್ ನಗರದ ಇಟೆವೊನ್‌ನಲ್ಲಿ 159 ಜನ ಪ್ರಾಣ ಕಳೆದುಕೊಂಡರು. ಬಹುಪಾಲು ನಮ್ಮ ವಯಸ್ಸಿನವರು. ಮೂರು ಮೀಟರ್ ಚಿಲ್ಲರೆ ಅಗಲದ ಇಳಿಜಾರು ಓಣಿ, ಅದರಲ್ಲಿ ಹಿಡಿಸಲಾರದಷ್ಟು ಜನ, ಸಂಜೆಯಿಂದಲೇ ಸಹಾಯಕ್ಕಾಗಿ ಫೋನ್ ಮಾಡಿದರೂ ಸಾಕಷ್ಟು ಪೊಲೀಸರು ಬರಲಿಲ್ಲ. ಉಸಿರುಗಟ್ಟಿ, ನಿಂತಲ್ಲೇ ಸತ್ತರು. ಇದು ದೇವರ ಶಿಕ್ಷೆಯೇ? ಹಾಗಾದರೆ 2004ರ ಡಿಸೆಂಬರ್ 26, ಕ್ರಿಸ್ಮಸ್‌ನ ಮರುದಿನ, ಭಾನುವಾರ, ವೇಳಾಂಕಣಿಯಲ್ಲಿ ಮಾತೆಯ ದರ್ಶನಕ್ಕೆ ಹೋದ ನೂರಾರು ಜನರನ್ನು ಸುನಾಮಿ ಎಳೆದುಕೊಂಡು ಹೋಯಿತಲ್ಲ, ಅದು ಯಾವ ತಪ್ಪಿಗೆ? ಆ ಸಂದೇಶ ಓದಿದ ಹಿರಿಯರೇ, ನೀವು ಇದಕ್ಕೆ ಉತ್ತರ ಕೊಡಲೇಬೇಕು. ಸಿಲೋವದ ಗೋಪುರ ಬಿದ್ದು ಹದಿನೆಂಟು ಜನ ಸತ್ತಾಗ, ಅವರು ಬೇರೆಯವರಿಗಿಂತ ದೊಡ್ಡ ಪಾಪಿಗಳಾ ಅಂತ ಯೇಸುಸ್ವಾಮಿ ಕೇಳಿದ್ದು ಲೂಕನ ಶುಭಸಂದೇಶದ 13ನೇ ಅಧ್ಯಾಯದಲ್ಲಿದೆ. ಮನೆಯಲ್ಲಿ ತೆಗೆದು ಓದಿ. ಆಮೇಲೆ ಹತ್ತು ಜನಕ್ಕೆ ಕಳಿಸಿ.

ಇಷ್ಟು ಹೇಳಿದ ತಕ್ಷಣ ಪಾರ್ಟಿ ಬೇಕು ಅಂದ ಸ್ನೇಹಿತರು ಚಪ್ಪಾಳೆ ತಟ್ಟಬೇಡಿ. ನಿಮ್ಮ ಲೆಕ್ಕದ ಹಾಳೆ ನೋಡಿದ್ದೇನೆ. ಮುಖವಾಡ, ಕಪ್ಪು ಬಲೂನು, ಪ್ಲಾಸ್ಟಿಕ್ ತಲೆಬುರುಡೆ, ಡಿಜೆ, ಎಲ್ಲ ಸೇರಿ ಎಂಟು ಸಾವಿರ. ಸತ್ತವರು ಅದರಲ್ಲಿ ಎಲ್ಲಿದ್ದಾರೆ? ಹೊಟ್ಟೆಗೆ ಹಿಟ್ಟಿಲ್ಲದವರು ಹಡಗಿನಲ್ಲಿ ಹೊತ್ತುಕೊಂಡು ಹೋದ ಹಬ್ಬವನ್ನು ಅಂಗಡಿಯವರು ತೊಳೆದು, ಒಣಗಿಸಿ, ಪ್ಲಾಸ್ಟಿಕ್ ಸುತ್ತಿ ಮಾರುತ್ತಿದ್ದಾರೆ. ನೀವು ಆ ಪ್ಲಾಸ್ಟಿಕ್ ಮಾತ್ರ ಕೊಂಡುಕೊಂಡಿದ್ದೀರಿ. ಪ್ಯಾರಿಸ್‌ನಲ್ಲಿ 2002ರಿಂದ ‘ಹೋಲಿವಿನ್ಸ್’ ಅಂತ ಮಕ್ಕಳಿಗೆ ಸಂತರ ವೇಷ ಹಾಕಿಸುತ್ತಾರೆ. ಒಳ್ಳೆಯದೇ. ಆದರೆ ಅದರಿಂದಲೂ ಪೂರ್ತಿ ಕೆಲಸ ಆಗುವುದಿಲ್ಲ ಅಂತ ನನ್ನ ಅಭಿಪ್ರಾಯ. ಪುಟ್ಟ ಅಂತೋನಿಯವರೂ ಪುಟ್ಟ ತೆರೇಸರೂ ಫೋಟೋ ತೆಗೆಸಿಕೊಂಡು ಮನೆಗೆ ಹೋಗುತ್ತಾರೆ, ಸಮಾಧಿಯಲ್ಲಿ ಇರುವವರು ಅಲ್ಲೇ ಇರುತ್ತಾರೆ. ನನ್ನ ಜೊತೆ ಕೆಲಸ ಮಾಡುತ್ತಿದ್ದ ಫಿಲಿಪ್ಪೀನ್ಸ್‌ನ ಅಕ್ಕಂದಿರು ಹೇಳುತ್ತಿದ್ದರು: ಅವರ ಕಡೆ ನವೆಂಬರ್ 1ಕ್ಕೆ ಇಡೀ ಕುಟುಂಬ ಸಮಾಧಿಗೆ ಹೋಗಿ, ಚಾಪೆ ಹಾಸಿ, ಅಡುಗೆ ತಿಂದು, ರಾತ್ರಿ ಅಲ್ಲೇ ಕಳೆಯುತ್ತಾರೆ. ‘ಉಂಡಾಸ್’ ಅನ್ನುತ್ತಾರೆ. ಮಕ್ಕಳು ಸಮಾಧಿಗಳ ನಡುವೆ ಆಡುತ್ತಾರೆ. ಅವರಿಗೆ ಹೆದರಿಕೆ ಎಲ್ಲಿಂದ ಬರಬೇಕು?

ಡಬ್ಲಿನ್‌ನಲ್ಲಿ ಒಂದು ಕನ್ನಡ ಕುಟುಂಬದ ಪರಿಚಯ ಆಗಿತ್ತು, ಬೆಂಗಳೂರಿನವರು. ಮೊದಲ ವರ್ಷ ಹ್ಯಾಲೋವೀನ್ ರಾತ್ರಿ ಹೆದರಿಕೊಂಡು ಲೈಟ್ ಆರಿಸಿ ಕತ್ತಲಲ್ಲಿ ಕೂತಿದ್ದರಂತೆ. ಬಾಗಿಲು ತಟ್ಟಿದರೂ ತೆಗೆಯಲಿಲ್ಲ. ಮಗಳು ಕಿಟಕಿಯಿಂದ ತನ್ನ ಕ್ಲಾಸಿನವರನ್ನೇ ನೋಡಿ ಅತ್ತಳು. ಮರುವರ್ಷ ಆ ಅಮ್ಮ ಬಾಗಿಲು ತೆಗೆದು ಚಕ್ಕುಲಿ ಹಂಚಿದರು. ಈಗ ಬೀದಿಯ ಮಕ್ಕಳು ಚಕ್ಕುಲಿ ಮನೆ ಅಂತ ಹುಡುಕಿಕೊಂಡು ಬರುತ್ತಾರೆ. ಅವರೇ ನಗುತ್ತಾ ಹೇಳಿದರು: 90ರ ದಶಕದಲ್ಲಿ ಬೆಂಗಳೂರಿನ ಮನೆಗಳ ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆಯುತ್ತಿದ್ದೆವಲ್ಲ, ರಾತ್ರಿ ಬಾಗಿಲು ತಟ್ಟುವ ದೆವ್ವ ಓದಿಕೊಂಡು ವಾಪಸ್ ಹೋಗಲಿ ಅಂತ; ಡಬ್ಲಿನ್‌ಗೆ ಬಂದು ಮೊದಲ ವರ್ಷ ನಾವು ಮಾಡಿದ್ದೂ ಅದನ್ನೇ.

ನಮ್ಮ ಧರ್ಮಕೇಂದ್ರದ ಬಾಗಿಲ ಮೇಲೂ ನನಗೆ ಆ ‘ನಾಳೆ ಬಾ’ ಕಾಣುತ್ತಿದೆ. ಅದನ್ನು ನಾವು ಬರೆದಿರುವುದು ನಮ್ಮ ಸತ್ತವರಿಗೆ.

ಅವ್ವನ ಮಂಡಿ ಆಪರೇಷನ್‌ಗೆ ಅಂತ ಈ ಸೆಪ್ಟೆಂಬರ್‌ನಲ್ಲಿ ವಾಪಸ್ ಬಂದೆ. ಮರುದಿನ ಬೆಳಿಗ್ಗೆ ತಾತನ ಸಮಾಧಿಗೆ ಹೋದೆ. ಅರ್ಧ ಗಂಟೆ ಹುಡುಕಿದೆ, ಸಿಗಲಿಲ್ಲ. ಎದೆಮಟ್ಟ ಪಾರ್ಥೇನಿಯಂ. ಕೊನೆಗೆ ಅವ್ವನಿಗೆ ಫೋನ್ ಮಾಡಿ, ಹುಣಸೆಮರದಿಂದ ಎಷ್ಟನೇದು ಅಂತ ಕೇಳಿ ಗುರುತು ಹಿಡಿದೆ. ಮರದ ಶಿಲುಬೆಗೆ ಗೆದ್ದಲು ಹತ್ತಿತ್ತು, ಹೆಸರಿನ ಮೊದಲ ಎರಡು ಅಕ್ಷರ ಮಾತ್ರ ಉಳಿದಿತ್ತು. ಇದು ಬೇರೆಯವರ ಮನೆಯ ಕಥೆಯಲ್ಲ, ನಮ್ಮದೇ. ಸಾವಿರಾರು ಮೈಲಿ ದೂರದ ಚರ್ಚಿನ ಪೀಠದ ಮೇಲೆ ತಿಂಗಳಿಡೀ ಇದ್ದ ಹೆಸರು ಮೂರು ಕಿಲೋಮೀಟರ್ ದೂರದ ಸಮಾಧಿಯಲ್ಲಿ ಒಂದು ವರ್ಷ ಉಳಿಯಲಿಲ್ಲ.

ಕಲ್ಲರೆ ಹಬ್ಬ ಅಂತ ನಾವು ತಮಿಳಿನ ಬಾಯಲ್ಲಿ ಕರೆಯುವ ನವೆಂಬರ್ 2ರಂದು ಈಗ ಏನಾಗುತ್ತಿದೆ ಅಂತ ನಿಮಗೇ ಗೊತ್ತು. ಹಿಂದಿನ ದಿನ ಕೂಲಿಯವರಿಗೆ ದುಡ್ಡು ಕೊಟ್ಟು ಹುಲ್ಲು ಕುಯ್ಯಿಸುತ್ತೇವೆ. ಫಾದರ್ ಮಂತ್ರಜಲ ಚಿಮುಕಿಸಿಕೊಂಡು ಹೋಗುವಾಗ ನಮ್ಮ ಸಮಾಧಿಯ ಹತ್ತಿರ ನಿಂತು, ಹತ್ತು ನಿಮಿಷದಲ್ಲಿ ಬತ್ತಿ ಹಚ್ಚಿ, ಸೇವಂತಿಗೆ ಹಾಕಿ, ಗಾಡಿ ಹತ್ತುತ್ತೇವೆ. 2023ರಲ್ಲಿ ನಾನು ಎಣಿಸಿದ್ದೆ: ಯುವಜನರ ಗುಂಪಿನಲ್ಲಿ ನಲವತ್ತೊಂದು ಜನ, ಅವತ್ತು ಬಂದವರು ಏಳು. ನಿಮ್ಮ ಮುತ್ತಜ್ಜಿಯ ಹೆಸರೇನು ಅಂತ ಈ ಸಲ ಸಭೆಯಲ್ಲಿ ಕೇಳಿದೆ. ಮೂವರು ಹೇಳಿದರು.

ಇನ್ನೊಂದು ಮಾತು, ಇದನ್ನು ಬರೆಯಬೇಡ ಅಂತ ಕೆಲವರು ಹೇಳಿದ್ದಾರೆ. ದೆವ್ವದ ಮುಖವಾಡ ಕ್ರೈಸ್ತ ಸಂಪ್ರದಾಯ ಅಲ್ಲ ಅಂತ ನಾವು ಹೇಳುತ್ತೇವೆ. ತಿರುಚ್ಚಿಯ ಮೇಲಪುದೂರಿನ ಕ್ರೈಸ್ತ ಸಮಾಧಿಯಲ್ಲಿ ದಲಿತರ ಸಮಾಧಿಗಳನ್ನು ಬೇರೆಯವರ ಸಮಾಧಿಗಳಿಂದ ಬೇರ್ಪಡಿಸಲು ಗೋಡೆ ಕಟ್ಟಿದ್ದು ಯಾವ ಸಂಪ್ರದಾಯ? ಸತ್ತ ಮೇಲೂ ಜಾತಿ ಕೇಳುವುದಕ್ಕಿಂತ ದೊಡ್ಡ ದೆವ್ವ ಯಾವ ಹ್ಯಾಲೋವೀನ್‌ನಲ್ಲಿ ಬರುತ್ತದೆ ಹೇಳಿ. ನಮ್ಮಲ್ಲಿ ಗೋಡೆ ಇಲ್ಲ, ದೇವರಿಗೆ ಸ್ತೋತ್ರ. ಆದರೆ ನಮ್ಮಲ್ಲಿ ಒಂದು ಮೂಲೆ ಇದೆ. ಹಿಂದಿನ ಬೇಲಿಯ ಹತ್ತಿರ, ಶಿಲುಬೆ ಇಲ್ಲದ ಮಣ್ಣಿನ ಗುಡ್ಡೆಗಳು. ಹುಟ್ಟಿದ ಕೂಡಲೇ ಸತ್ತ ಕೂಸುಗಳು, ತಾವೇ ಪ್ರಾಣ ತೆಗೆದುಕೊಂಡವರು. ಮಂತ್ರಜಲ ಅಲ್ಲಿಯವರೆಗೆ ಹೋದದ್ದನ್ನು ನಾನು ಚಿಕ್ಕಂದಿನಿಂದ ನೋಡಿಲ್ಲ. ಯಾರೋ ಬೇಡ ಅಂದರು ಅಂತಲ್ಲ. ದಾರಿ ಇಲ್ಲ, ಮುಳ್ಳು ಇದೆ, ಮೊದಲಿನಿಂದ ಹಾಗೇ.

ಆ ಮೊದಲಿನಿಂದ ಅನ್ನುವುದು ಮುಗಿದು ಎಷ್ಟೋ ವರ್ಷ ಆಯಿತು. ಆತ್ಮಹತ್ಯೆ ಮಾಡಿಕೊಂಡವರಿಗೆ ಧರ್ಮಸಭೆಯ ಅಂತ್ಯಕ್ರಿಯೆ ಇಲ್ಲ ಅನ್ನುವ ಹಳೆಯ ನಿಯಮ 1983ರ ಧರ್ಮಸಭಾ ಕಾನೂನಿನಲ್ಲಿ ಇಲ್ಲ. ಅವರಿಗಾಗಿ ಪ್ರಾರ್ಥಿಸಬೇಕು ಅಂತಲೇ ಧರ್ಮೋಪದೇಶ ಹೇಳುತ್ತದೆ. ಜ್ಞಾನಸ್ನಾನ ಇಲ್ಲದೆ ಸತ್ತ ಕೂಸುಗಳ ರಕ್ಷಣೆಗೆ ನಾವು ಭರವಸೆ ಇಡಬಹುದು ಅಂತ 2007ರಲ್ಲಿ ವ್ಯಾಟಿಕನ್‌ನ ಅಂತರರಾಷ್ಟ್ರೀಯ ದೈವಶಾಸ್ತ್ರ ಆಯೋಗ ಬರೆಯಿತು. ಐರ್ಲೆಂಡ್‌ನಲ್ಲಿ ಈಗ ಊರಿನ ಜನ ಒಂದೊಂದೇ ಕಿಲ್ಲೀನ್ ಹುಡುಕಿ, ಮುಳ್ಳು ಕಡಿದು, ಗುರುಗಳನ್ನು ಕರೆದು ಪವಿತ್ರೀಕರಿಸಿ, ಕಲ್ಲು ನೆಡುತ್ತಿದ್ದಾರೆ. ನಮ್ಮದು ಮುಳ್ಳು ಕಡಿಯುವಷ್ಟು ಕೆಲಸ ಮಾತ್ರ.

ಹಾಗಾಗಿ ನನ್ನ ವಾದ ಇಷ್ಟು. ಪಾರ್ಟಿ ಬೇಡ. ನಿಷೇಧವೂ ಬೇಡ. 31ರ ಶುಕ್ರವಾರ ಸಂಜೆ ಮಕ್ಕಳು ತಮಗೆ ಇಷ್ಟವಾದ ವೇಷ ಹಾಕಿಕೊಳ್ಳಲಿ, ಸಂತರದ್ದೋ ದೆವ್ವದ್ದೋ ನನಗೆ ಚಿಂತೆಯಿಲ್ಲ. ಐದೈದು ಮಕ್ಕಳಿಗೆ ಒಬ್ಬ ದೊಡ್ಡವರು ಜೊತೆಗೆ ಹೋಗಿ ನಮ್ಮ ಮನೆಗಳ ಬಾಗಿಲು ತಟ್ಟಲಿ. ಒಬ್ಬರ ಕೈಯಲ್ಲಿ ನೋಟ್‌ಬುಕ್. ಮನೆಯವರು ಮುರುಕೋ ಬಿಸ್ಕತ್ತೋ ಕೊಡಲಿ, ಅದರ ಜೊತೆ ತಮ್ಮ ಮನೆಯಲ್ಲಿ ತೀರಿಕೊಂಡವರ ಹೆಸರು ಕೊಡಲಿ. ಕನ್ನಡವೋ ತಮಿಳೋ, ಆ ಸತ್ತವರಿಗೆ ಓದಲು ಬರುತ್ತಿದ್ದ ಲಿಪಿಯಲ್ಲಿ ಬರೆಯಿರಿ. ಹೆಸರಿಡದ ಕೂಸಿದ್ದರೆ ‘ಮಗು’ ಅಂತ ಬರೆಯಿರಿ. ಹೇಳಲು ನಾಚಿಕೆಯಾಗುವ ಹೆಸರಿದ್ದರೆ ಅದನ್ನು ಮೊದಲು ಬರೆಯಿರಿ. ಆ ನೋಟ್‌ಬುಕ್ ನವೆಂಬರ್ ಮುಗಿಯುವವರೆಗೆ ಪೀಠದ ಮೇಲೆ ಇರುತ್ತದೆ, ಫಾದರ್ ಒಪ್ಪಿದ್ದಾರೆ. ಎಂಟು ಸಾವಿರದಲ್ಲಿ ಸುಣ್ಣ, ಬ್ರಷ್, ಬಣ್ಣ ತರೋಣ.

ಈ ವರ್ಷ ನವೆಂಬರ್ 2 ಭಾನುವಾರವೇ ಬಿದ್ದಿದೆ. ಕಾಲೇಜು, ಶಿಫ್ಟ್, ಮಗ್ಗ, ಯಾವ ನೆಪವೂ ಇಲ್ಲ. 1ರಿಂದ 8ರವರೆಗೆ ಸಮಾಧಿಗೆ ಹೋಗಿ ಮೃತರಿಗಾಗಿ ಪ್ರಾರ್ಥಿಸಿದರೆ ಧರ್ಮಸಭೆ ಅವರಿಗಾಗಿ ದಂಡವಿಮೋಚನೆ ಕೊಡುತ್ತದೆ ಅಂತ ಉಪದೇಶದಲ್ಲಿ ಕಲಿತದ್ದು ಹಿರಿಯರಿಗೆ ನೆನಪಿರಬೇಕು. ಮಧ್ಯಾಹ್ನ ಎರಡು ಗಂಟೆಗೆ ಕುಡುಗೋಲು, ಗುದ್ದಲಿ, ಕೈಗವಸು ತೆಗೆದುಕೊಂಡು ಚರ್ಚಿನ ಮುಂದೆ ಸೇರೋಣ. ಮಳೆ ಬಂದರೆ ಪ್ಲಾಸ್ಟಿಕ್ ಹಾಳೆ ಇದೆ. ಮೊದಲು ಹಿಂದಿನ ಮೂಲೆಗೆ ದಾರಿ ಕಡಿಯೋಣ, ನಮ್ಮ ನಮ್ಮ ಮನೆಯ ಸಮಾಧಿ ಆಮೇಲೆ. ವಾಟ್ಸಾಪ್ ಓದಿದ ಹಿರಿಯರೂ ಬರಬೇಕು ಅಂತ ನನ್ನ ಕೋರಿಕೆ. ಆ ಮೂಲೆಯಲ್ಲಿ ಯಾರ್‍ಯಾರು ಇದ್ದಾರೆ ಅಂತ ಸರಿಯಾಗಿ ಗೊತ್ತಿರುವವರು ಈಗ ಉಳಿದಿರುವುದು ಅವರೊಬ್ಬರೇ. ಆ ಒಂಬತ್ತು ವರ್ಷದ ಹುಡುಗಿಗೆ ಮಾಟಗಾತಿ ಟೋಪಿ ಹಾಕಿಕೊಂಡೇ ಬಾ ಅಂತ ಹೇಳಿದ್ದೇನೆ, ಬಿಸಿಲಿದ್ದರೆ ಉಪಯೋಗಕ್ಕೆ ಬರುತ್ತದೆ. ಬತ್ತಿ ಹಚ್ಚಿ ಐದೂವರೆಯೊಳಗೆ ಮುಗಿಸಬೇಕು. ಕತ್ತಲಾದ ಮೇಲೆ ಹೊಳೆಯ ಕಡೆಯಿಂದ ಆನೆ ಬರುತ್ತದೆ.